ಚೀನಿ ತಟ್ಟೆಯ ಬೆನ್ನು ಓದುವ ಮುನ್ನ

ಹಳೇ ಚೀನಿ ತಟ್ಟೆಯೊಂದು ಕೈಗೆ ಬಂದರೆ ನೀವು ಮೊದಲು ಏನು ಮಾಡ್ತೀರಿ? ಬೋರಲು ಹಾಕಿ ಹಿಂದೆ ಏನು ಬರೆದಿದೆ ಅಂತ ನೋಡ್ತೀರಿ. ಎಲ್ಲರೂ ಅದನ್ನೇ ಮಾಡುವುದು. ನೀಲಿ ಬಣ್ಣದಲ್ಲಿ ಆರು ಚೀನಿ ಅಕ್ಷರ ಕಂಡರೆ ಮೊಬೈಲಿನಲ್ಲಿ ಫೋಟೋ ತೆಗೆದು ಹುಡುಕುತ್ತೀರಿ. "ಮಿಂಗ್ ವಂಶ, ಶ್ವಾಂಡೆ ಚಕ್ರವರ್ತಿ, 1426–1435" ಅಂತ ಉತ್ತರ ಬರುತ್ತೆ. ಅಲ್ಲಿಗೆ ಮನೆಮಂದಿಗೆಲ್ಲ ಎದೆ ಡವಡವ. ಮಗಳ ಮದುವೆ, ಮಗನ ಇಂಜಿನಿಯರಿಂಗ್ ಫೀಸು, ಊರಿನ ಮನೆಯ ಸೋರುವ ಮಾಳಿಗೆ, ಎಲ್ಲವೂ ಆ ಒಂದು ತಟ್ಟೆಯ ಮೇಲೆ ಬಂದು ಕೂರುತ್ತವೆ.

ಹೈದರಾಬಾದಿನಲ್ಲಿ ಪಾಠ ಹೇಳುವವಳಾದ್ದರಿಂದ ಇಂಥ ತಟ್ಟೆಗಳ ಫೋಟೋ ನನಗೆ ಆಗಾಗ ಬರುತ್ತವೆ. ಹಳೇ ಹವೇಲಿ ಒಡೆದಾಗ, ದಾದಿ ತೀರಿಕೊಂಡ ಮೇಲೆ ಸಾಮಾನು ಪಾಲು ಮಾಡುವಾಗ, ಜುಮ್ಮೇರಾತ್ ಬಜಾರಿನಲ್ಲಿ ಯಾರೋ "ನಿಜಾಮರ ಮನೆಯದು" ಅಂತ ಮಾರಿದಾಗ. ಮುಂಬೈಯ ಚೋರ್ ಬಜಾರ್ ಸುತ್ತುವ ನಮ್ಮವರಿಗೂ ಇದೇ ಅನುಭವ. ಅವರಿಗೆಲ್ಲ ನಾನು ಹೇಳುವ ಮೊದಲ ಮಾತು: ಬೆನ್ನಿನ ಬರಹವನ್ನು ಕೊನೆಗೆ ನೋಡಿ. ಅದು ತಟ್ಟೆಯ ಮೇಲಿನ ಅತಿ ಸುಲಭದ ಸುಳ್ಳು.

ಯಾಕೆ ಅಂತ ಕೇಳಿ. ಚೀನಾದ ಕುಶಲಕರ್ಮಿಗಳು ಹಿಂದಿನ ಚಕ್ರವರ್ತಿಗಳ ಹೆಸರನ್ನು ತಮ್ಮ ಕಾಲದ ಪಾತ್ರೆಗಳ ಮೇಲೆ ಬರೆಯುವುದು ಶತಮಾನಗಳ ರೂಢಿ. ಅದರಲ್ಲಿ ಹೆಚ್ಚಿನ ಪಾಲು ಮೋಸವೇ ಅಲ್ಲ, ಹಳಬರ ಕೆಲಸಕ್ಕೆ ತೋರಿಸಿದ ಗೌರವ. 1662ರಿಂದ 1722ರವರೆಗೆ ಆಳಿದ ಕಾಂಗ್‌ಶಿ ಚಕ್ರವರ್ತಿಯ ಕಾಲದ ಎಷ್ಟೋ ಒಳ್ಳೆಯ ಪಾತ್ರೆಗಳ ಅಡಿಯಲ್ಲಿ ಇನ್ನೂರು ವರ್ಷ ಹಿಂದಿನ ಚೆಂಗ್‌ಹುವಾ ಅಥವಾ ಶ್ವಾಂಡೆ ಹೆಸರಿದೆ. 1677ರಲ್ಲಂತೂ ಅಲ್ಲಿನ ಸ್ಥಳೀಯ ಅಧಿಕಾರಿಯೊಬ್ಬ, ಆಳುವ ಚಕ್ರವರ್ತಿಯ ಹೆಸರನ್ನು ಪಾತ್ರೆಗಳ ಮೇಲೆ ಬರೆಯಕೂಡದು ಅಂತ ಹುಕುಂ ಹೊರಡಿಸಿದ. ಒಡೆದ ಚೂರು ಕಸದಲ್ಲಿ ಬಿದ್ದು ಚಕ್ರವರ್ತಿಯ ಹೆಸರಿಗೆ ಅವಮಾನ ಆಗಬಾರದಲ್ಲ! ಆಗ ಕೆಲಸಗಾರರು ಹಳೇ ಹೆಸರು ಬರೆದರು, ಎಲೆಯ ಚಿತ್ರ ಬಿಡಿಸಿದರು, ಅಥವಾ ಎರಡು ನೀಲಿ ವೃತ್ತ ಎಳೆದು ಒಳಗೆ ಖಾಲಿ ಬಿಟ್ಟರು. ಹೀಗಾಗಿ ಖಾಲಿ ವೃತ್ತವಿರುವ ತಟ್ಟೆ ನಿಜವಾದ ಕಾಂಗ್‌ಶಿ ಕಾಲದ್ದಾಗಿರಬಹುದು, "ಕಾಂಗ್‌ಶಿ" ಅಂತ ನಾಲ್ಕಕ್ಷರ ಬರೆದ ತಟ್ಟೆ 19ನೇ ಶತಮಾನದ ಕೊನೆಯದಾಗಿರಬಹುದು. ಗುವಾಂಗ್‌ಶು ಚಕ್ರವರ್ತಿಯ ಕಾಲದಲ್ಲಿ, ಅಂದರೆ 1875ರಿಂದ 1908ರೊಳಗೆ, ಅಂಥವು ರಾಶಿ ರಾಶಿ ತಯಾರಾದವು. ಜಪಾನಿನ ಅರಿತಾದವರೂ ತಮ್ಮ ಪಾತ್ರೆಗಳಿಗೆ ಚೆಂಗ್‌ಹುವಾ ಹೆಸರು ಹಾಕಿದ್ದುಂಟು.

ಇನ್ನೊಂದು ಕಡೆಯಿಂದ ಮಾತ್ರ ಬರಹ ಬಹಳ ಉಪಯೋಗಿ. ಇಂಗ್ಲಿಷಿನಲ್ಲಿ "ಚೈನಾ" ಅಂತ ಇದ್ದರೆ ಅದು ಸಾಮಾನ್ಯವಾಗಿ 1890ರ ನಂತರದ್ದು. ಆ ವರ್ಷ ಅಮೆರಿಕ ಮಾಡಿದ ಸುಂಕದ ಕಾನೂನು, ಆಮದಾಗುವ ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕು ಅಂದಿತು. "ಮೇಡ್ ಇನ್ ಚೈನಾ" ಅಂತಿದ್ದರೆ ಇನ್ನೂ ಈಚೆಗೆ. ತಟ್ಟೆಗೆ ವಯಸ್ಸಾಗಿಲ್ಲ ಅಂತ ಬರಹ ಹೇಳಿದರೆ ನಂಬಬಹುದು. ವಯಸ್ಸಾಗಿದೆ ಅಂತ ಹೇಳಿದರೆ ಸಾಕ್ಷಿ ಕೇಳಬೇಕು.

ಸಾಕ್ಷಿ ಎಲ್ಲಿದೆ? ತಟ್ಟೆಯ ಮಣ್ಣಿನಲ್ಲಿ. ಚೀನಾದ ಜಿಯಾಂಗ್‌ಶಿ ಪ್ರಾಂತ್ಯದ ಜಿಂಗ್‌ಡೆಜೆನ್ ಅನ್ನುವ ಊರು ಸಾವಿರ ವರ್ಷದಿಂದ ಈ ಕೆಲಸದ ರಾಜಧಾನಿ. ಅಲ್ಲಿಯ ಗಾವೊಲಿಂಗ್ ಗುಡ್ಡದ ಬಿಳಿಮಣ್ಣಿನಿಂದಲೇ ಕೆಯೊಲಿನ್ ಅನ್ನುವ ಹೆಸರು ಜಗತ್ತಿಗೆಲ್ಲ ಹೋಯಿತು. ಈ ಮಣ್ಣನ್ನು ಇನ್ನೊಂದು ಬಗೆಯ ಕಲ್ಲಿನ ಪುಡಿಯೊಂದಿಗೆ ಕಲಸಿ, ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಮಣ್ಣು ಗಾಜಿನ ಹಾಗೆ ಗಟ್ಟಿಯಾಗುತ್ತದೆ. ತೆಳುವಾದ ಪಾತ್ರೆಯನ್ನು ಬೆಳಕಿಗೆ ಹಿಡಿದರೆ ಹಿಂದಿನ ಬೆರಳಿನ ನೆರಳು ಕಾಣುತ್ತದೆ. 851ರಲ್ಲೇ ಅರಬ್ ವ್ಯಾಪಾರಿಗಳ ಬರಹವೊಂದು, ಚೀನಾದಲ್ಲಿ ಒಳಗಿನ ನೀರು ಹೊರಗೆ ಕಾಣುವಂಥ ಮಣ್ಣಿನ ಬಟ್ಟಲುಗಳಿವೆ ಅಂತ ಬೆರಗಾಗಿ ಹೇಳಿದೆ.

ಆದ್ದರಿಂದ ಮೊದಲ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಮೊಬೈಲಿನ ಟಾರ್ಚ್ ಹಿಡಿಯಿರಿ. ತೆಳುವಾದ ಅಂಚಿನಲ್ಲೂ ಸ್ವಲ್ಪವೂ ಬೆಳಕು ದಾಟದಿದ್ದರೆ, ಮತ್ತು ಒಡೆದ ಜಾಗ ಸೀಮೆಸುಣ್ಣದ ಹಾಗೆ ಒರಟಾಗಿ ನೀರು ಹೀರಿದರೆ, ಅದು ಪಿಂಗಾಣಿಯೇ ಅಲ್ಲ. ನಮ್ಮ ಮನೆಗಳಲ್ಲಿ "ಚೀನಿ" ಅಂತ ಕಾಪಾಡಿಕೊಂಡು ಬಂದ ನೀಲಿ ತಟ್ಟೆಗಳಲ್ಲಿ ಬಹಳಷ್ಟು ಇಂಗ್ಲೆಂಡಿನವು. ಸೇತುವೆ, ಮರ, ಮೇಲೆ ಎರಡು ಹಕ್ಕಿ ಇರುವ ಚಿತ್ರ ನೆನಪಾಯಿತಾ? ಅದು ವಿಲೋ ಪ್ಯಾಟರ್ನ್, ಚೀನಿಯರ ಚಿತ್ರ ನೋಡಿ ಇಂಗ್ಲಿಷರು ಕಟ್ಟಿಕೊಂಡದ್ದು. ಅದನ್ನು ಕುಂಚದಲ್ಲಿ ಬರೆಯುವುದಿಲ್ಲ, ತಾಮ್ರದ ಫಲಕದಿಂದ ಕಾಗದಕ್ಕೆ, ಕಾಗದದಿಂದ ತಟ್ಟೆಗೆ ಅಚ್ಚು ಇಳಿಸುತ್ತಾರೆ. ಭೂತಗನ್ನಡಿ ಹಿಡಿದರೆ ಸಣ್ಣ ಚುಕ್ಕೆ, ಗೀರುಗಳಿಂದ ಆದ ಚಿತ್ರ ಕಾಣುತ್ತದೆ. ಅಂಚಿನ ಪಟ್ಟಿಯಲ್ಲಿ ಎಲ್ಲಾದರೂ ಒಂದು ಕಡೆ ಕಾಗದದ ಎರಡು ತುದಿ ಸರಿಯಾಗಿ ಕೂಡದೆ ವಿನ್ಯಾಸ ಕತ್ತರಿಸಿ ಹೋಗಿರುತ್ತದೆ. ಅದು ಸಿಕ್ಕರೆ ಮಿಂಗ್ ಮಾತು ಅಲ್ಲಿಗೆ ಖತಂ.

ಪಿಂಗಾಣಿಯೇ ಹೌದು ಅಂತಾದರೆ ಮುಂದೆ ತಟ್ಟೆಯ ಪಾದ ನೋಡಬೇಕು. ಪಾದ ಅಂದರೆ ತಟ್ಟೆ ನೆಲಕ್ಕೆ ಊರುವ ಬಳೆಯಂಥ ಅಂಚು. ಪಾತ್ರೆಗೆಲ್ಲ ಗಾಜಿನಂಥ ಮೆರುಗು ಬಳಿದರೂ ಈ ಅಂಚನ್ನು ಒರೆಸಿ ಬರಿದು ಬಿಡುತ್ತಾರೆ, ಇಲ್ಲದಿದ್ದರೆ ಮೆರುಗು ಕರಗಿ ತಟ್ಟೆ ಭಟ್ಟಿಗೇ ಅಂಟಿಕೊಳ್ಳುತ್ತದೆ. ಹಾಗಾಗಿ ಮಣ್ಣು ಬೆತ್ತಲೆಯಾಗಿ ಕಾಣುವ ಜಾಗ ಇದೊಂದೇ. ಬಲ್ಲವರು ತಟ್ಟೆಯ ಮುಖ ಒಂದು ನಿಮಿಷ ನೋಡಿದರೆ ಪಾದ ಹತ್ತು ನಿಮಿಷ ನೋಡುತ್ತಾರೆ. ಮಿಂಗ್ ಕಾಲದ ಮಣ್ಣಿನಲ್ಲಿ ಉಳಿದ ಕಬ್ಬಿಣದ ಅಂಶ ಬೆಂಕಿಯಲ್ಲಿ ಮೇಲೆ ಬಂದು, ಬರಿಮಣ್ಣೂ ಮೆರುಗೂ ಸೇರುವ ಗೆರೆಯಲ್ಲಿ ತೆಳು ಕಿತ್ತಳೆ ಬಣ್ಣ ಬಿಡುತ್ತದೆ. ಅಗ್ಗದ ಪಾತ್ರೆಗಳ ಅಡಿಯಲ್ಲಿ ಭಟ್ಟಿಯ ಮರಳು ಅಂಟಿರುತ್ತದೆ. ತಿರುಗುವ ಚಕ್ರದ ಮೇಲೆ ಚಾಕುವಿನಿಂದ ಕೆತ್ತಿದ ಗೆರೆಗಳು ನಡುವಿನಿಂದ ಹೊರಕ್ಕೆ ಹರಡಿರುತ್ತವೆ. ಕಾಂಗ್‌ಶಿ ಕಾಲದ ಒಳ್ಳೆಯ ಪಾತ್ರೆಗಳ ಪಾದ ಎರಡೂ ಕಡೆ ದುಂಡಗೆ ನಯವಾಗಿರುತ್ತದೆ. ಚೀನಿಯರು ಅದನ್ನು ಒಂದು ಜಾತಿಯ ಮೀನಿನ ಬೆನ್ನಿಗೆ ಹೋಲಿಸುತ್ತಾರೆ. ಇಂದಿನ ನಕಲಿಯ ಪಾದ ಹೆಚ್ಚಾಗಿ ಸುಣ್ಣದ ಹಾಗೆ ಬಿಳಿ. ಅದನ್ನು ಮುಚ್ಚಲು ಚಹಾ ಡಿಕಾಕ್ಷನ್, ಬೂಟ್ ಪಾಲಿಶ್, ಪೊಟ್ಯಾಸಿಯಂ ಪರ್ಮಾಂಗನೇಟ್ ಎಲ್ಲ ಬಳಿಯುತ್ತಾರೆ. ಬಳಿದ ಬಣ್ಣ ಎಲ್ಲ ಕಡೆ ಒಂದೇ ಸಮ ಇರುತ್ತದೆ. ಬೆಂಕಿ ಕೊಟ್ಟ ಬಣ್ಣ ಒಂದು ಕಡೆ ಗಾಢ, ಒಂದು ಕಡೆ ಇಲ್ಲವೇ ಇಲ್ಲ. ಒದ್ದೆ ಹತ್ತಿಯಿಂದ ಉಜ್ಜಿದಾಗ ಹತ್ತಿಗೆ ಕಂದು ಬಣ್ಣ ಬಂತು ಅಂದರೆ ಉಳಿದದ್ದನ್ನು ನೀವೇ ಊಹಿಸಿ.

ಬಣ್ಣವೂ ಕಾಲ ಹೇಳುತ್ತದೆ, ಇಲ್ಲಿ ಕತೆ ನಮ್ಮ ಕಡೆಗೂ ತಿರುಗುತ್ತದೆ. ನೀಲಿ ಬಣ್ಣ ಕೋಬಾಲ್ಟ್‌ನಿಂದ ಬರುತ್ತದೆ. 14ನೇ ಶತಮಾನದ ಯುವಾನ್ ವಂಶದ ಕಾಲದಲ್ಲಿ ಒಳ್ಳೆಯ ಕೋಬಾಲ್ಟ್ ಇರಾನಿನ ಕಡೆಯಿಂದ ಚೀನಾಕ್ಕೆ ಹೋಗುತ್ತಿತ್ತು, ಅದರಿಂದ ಬರೆದ ಪಾತ್ರೆಗಳು ತಿರುಗಿ ಇರಾನ್, ಅರಬ್ ನಾಡು, ಹಿಂದುಸ್ತಾನಕ್ಕೆ ಬರುತ್ತಿದ್ದವು. ಚೀನಿ ಪಾತ್ರೆ ಹಿಂದುಸ್ತಾನಕ್ಕೂ ದೂರದ ತನ್ನ ಮಗ್ರಿಬ್‌ಗೂ ಹೋಗುತ್ತದೆ ಅಂತ ಇಬ್ನ್ ಬತೂತಾ ಬರೆದಿದ್ದಾನೆ. ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ಯುವಾನ್ ಕಾಲದ ನೀಲಿ-ಬಿಳಿ ತಟ್ಟೆಗಳ ಚೂರುಗಳು ಸಿಕ್ಕಿವೆ, ನಮ್ಮ ಹಂಪಿಯ ಉತ್ಖನನದಲ್ಲೂ ಚೀನಿ ಪಿಂಗಾಣಿಯ ಚೂರುಗಳು ಬಂದಿವೆ. ಆ ಇರಾನಿ ಕೋಬಾಲ್ಟ್‌ನಲ್ಲಿ ಕಬ್ಬಿಣ ಹೆಚ್ಚು, ಮ್ಯಾಂಗನೀಸ್ ಕಡಿಮೆ. ಕುಂಚ ತಡೆದು ನಿಂತ ಕಡೆ ಬಣ್ಣ ಗುಡ್ಡೆಯಾಗಿ, ಮೆರುಗಿನೊಳಗೆ ಕಪ್ಪು-ಕಂದು ಚುಕ್ಕೆಯಾಗಿ ಇಳಿದಿರುತ್ತದೆ. ಬೆರಳಾಡಿಸಿದರೆ ಅಲ್ಲಿ ಸಣ್ಣ ತಗ್ಗು ಸಿಗುವುದುಂಟು. ನಂತರದ ಚೀನಿ ಕೋಬಾಲ್ಟ್‌ನಲ್ಲಿ ಮ್ಯಾಂಗನೀಸ್ ಹೆಚ್ಚು, ನೀಲಿ ಸ್ವಲ್ಪ ಬೂದು ಅಥವಾ ನೇರಳೆ ಕಡೆಗೆ ವಾಲುತ್ತದೆ. ಕಾರ್ಖಾನೆಯಲ್ಲಿ ಶುದ್ಧ ಮಾಡಿದ ಇಂದಿನ ಕೋಬಾಲ್ಟ್ ಚಪ್ಪಟೆಯಾಗಿ ಕಣ್ಣಿಗೆ ಹೊಡೆಯುತ್ತದೆ. ನಕಲಿ ಮಾಡುವವರಿಗೂ ಇದೆಲ್ಲ ಗೊತ್ತು. ಅವರು ಕುಂಚದ ತುದಿಯಿಂದ ಕಪ್ಪು ಚುಕ್ಕೆಗಳನ್ನು ಬೇಕಂತಲೇ ಇಡುತ್ತಾರೆ. ಆದರೆ ಆ ಚುಕ್ಕೆಗಳು ಗೆರೆಯ ಒತ್ತಡದಿಂದ ಹುಟ್ಟಿದವಲ್ಲ, ಗೆರೆಯ ಮೇಲೆ ಕೂತವು.

ಗುಲಾಬಿ ಬಣ್ಣ ಇದಕ್ಕಿಂತ ಸುಲಭದ ಸಾಕ್ಷಿ. ಚೀನಾದ ಪಾತ್ರೆಗಳ ಮೇಲಿನ ದಟ್ಟ ಗುಲಾಬಿ ಎನಾಮೆಲ್ ಚಿನ್ನದ ಸೂಕ್ಷ್ಮ ಕಣಗಳಿಂದ ಬರುವಂಥದ್ದು, ಅದು ಬಳಕೆಗೆ ಬಂದದ್ದೇ 1720ರ ಆಸುಪಾಸಿನಲ್ಲಿ. ಮಿಂಗ್ ವಂಶ 1644ಕ್ಕೇ ಮುಗಿದಿತ್ತು. ಹಾಗಿದ್ದ ಮೇಲೆ ಗುಲಾಬಿ ಹೂವಿನ ಹೂದಾನಿಯ ಅಡಿಯಲ್ಲಿ "ಮಿಂಗ್" ಅಂತ ಬರೆದಿದ್ದರೆ ಅದನ್ನು ಓದುವ ತೊಂದರೆಯೇ ಬೇಡ.

ಈಗ ನಮ್ಮ ಓದುಗರಿಗೆ ಹತ್ತಿರದ ವಿಷಯ, ಅರಬ್ಬಿ ಬರಹವಿರುವ ಚೀನಿ ಪಾತ್ರೆಗಳು. ಇವು ಕಟ್ಟುಕತೆಯಲ್ಲ. 1506ರಿಂದ 1521ರವರೆಗೆ ಆಳಿದ ಝೆಂಗ್‌ಡೆ ಚಕ್ರವರ್ತಿಯ ಕಾಲದಲ್ಲಿ ಜಿಂಗ್‌ಡೆಜೆನ್‌ನಲ್ಲೇ ಅರಬ್ಬಿ, ಫಾರಸಿ ಬರಹದ ನೀಲಿ-ಬಿಳಿ ಪಾತ್ರೆಗಳು ತಯಾರಾದವು. ಹೆಚ್ಚಿನವು ಬರವಣಿಗೆಯ ಮೇಜಿಗೆ ಬೇಕಾದ ಸಾಮಾನು: ಕುಂಚ ಇಡುವ ಗುಡ್ಡದಾಕಾರದ ಆಸರೆ, ಪೆಟ್ಟಿಗೆ, ಮೇಜಿನ ಪರದೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಒಂದು ಆಸರೆಯ ಮೇಲೆ ಫಾರಸಿಯಲ್ಲಿ "ಖಾಮಾದಾನ್" ಅಂತಿದೆ. ಖಾಮಾ ಅಂದರೆ ಲೇಖನಿ, ಉರ್ದು ಶಾಯರಿ ಓದುವವರಿಗೆ ಪರಿಚಿತ ಪದ. ಆಮೇಲಿನ ಶತಮಾನಗಳಲ್ಲೂ ಮುಸ್ಲಿಂ ಗಿರಾಕಿಗಳಿಗಾಗಿ ಆಯತ್ ಬರೆದ ತಟ್ಟೆಗಳು ಚೀನಾದಿಂದ ಹೊರದೇಶಗಳಿಗೆ ಹೋದವು.

ಅಸಲಿ ಇರುವ ಕಡೆಯೇ ನಕಲಿಗೆ ಲಾಭ ಅಲ್ಲವೇ? ನಕಲಿ ತಟ್ಟೆ ಮಾರುವವನಿಗೆ ಇಲ್ಲೊಂದು ಹೆಚ್ಚಿನ ಅನುಕೂಲವೂ ಇದೆ. ಕಲಿಮಾ ಬರೆದ ತಟ್ಟೆಯನ್ನು ನಮ್ಮವರು ಬೋರಲು ಹಾಕಲು ಹಿಂಜರಿಯುತ್ತಾರೆ, ಬೇಅದಬಿ ಆದೀತು ಅಂತ. ಪಾದ ನೋಡುವುದಿಲ್ಲ, ಉಜ್ಜುವುದಿಲ್ಲ, ಚೌಕಾಶಿಯನ್ನೂ ಮಾಡುವುದಿಲ್ಲ. ಹಣ ಕೊಟ್ಟು ಹಣೆಗೆ ಒತ್ತಿಕೊಂಡು ಮನೆಗೆ ತರುತ್ತಾರೆ. ಅದಬ್ ಬಿಡಬೇಕಿಲ್ಲ. ಶುಭ್ರವಾದ ಬಟ್ಟೆ ಹಾಸಿ, ತಟ್ಟೆಯನ್ನು ನೆಟ್ಟಗೆ ಎದೆಯ ಎತ್ತರಕ್ಕೆ ಹಿಡಿದು, ಇನ್ನೊಬ್ಬರು ಹಿಂದಿನಿಂದ ಮೊಬೈಲಿನಲ್ಲಿ ಪಾದದ ಫೋಟೋ ತೆಗೆಯಲಿ. ಒಂದು ನಿಮಿಷದ ಕೆಲಸ. ಬೇಡ ಅಂತ ಅಂಗಡಿಯವ ತಡೆದರೆ ಅದೇ ಒಂದು ಉತ್ತರ.

ಬರಹದ ಬಗ್ಗೆ ಇನ್ನೂ ಒಂದು ಮಾತು, ಇದರಲ್ಲಿ ಉರ್ದು ಬಲ್ಲ ನೀವು ಎಷ್ಟೋ ತಜ್ಞರಿಗಿಂತ ಮುಂದಿದ್ದೀರಿ. ನಮ್ಮ ಖತಾತರು ಬರೆಯುವುದು ಓರೆಯಾಗಿ ಕತ್ತರಿಸಿದ ಜೊಂಡಿನ ಕಲಮಿನಲ್ಲಿ. ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು ಅನ್ನುವುದನ್ನು ಆ ಓರೆ ತುದಿಯೇ ತೀರ್ಮಾನಿಸುತ್ತದೆ. ಚೀನಿ ಕೆಲಸಗಾರನ ಕೈಯಲ್ಲಿದ್ದದ್ದು ಮೆತ್ತನೆಯ ಕೂದಲಿನ ಕುಂಚ, ಮುಂದೆ ಇದ್ದದ್ದು ಅವನಿಗೆ ಓದಲು ಬಾರದ ಒಂದು ಮಾದರಿ. ಹಾಗಾಗಿ ಅಸಲಿ ಪಾತ್ರೆಗಳಲ್ಲಿ ಅಕ್ಷರ ಎಲ್ಲೋ ತುಂಡಾಗಿರುತ್ತದೆ, ನುಕ್ತೆ ಜಾಗ ತಪ್ಪಿರುತ್ತದೆ, ಅಲಿಫ್ ಬಿದಿರೆಲೆಯ ಹಾಗೆ ಬಳುಕಿರುತ್ತದೆ. "ಅರಬ್ಬಿ ತಪ್ಪಿದೆ, ಹಾಗಾದರೆ ನಕಲಿ" ಅಂತ ಅವಸರ ಮಾಡಬೇಡಿ, ತಪ್ಪು ಇರುವುದು ಸಹಜವೇ. ಅದಕ್ಕೆ ಬದಲಾಗಿ ಪೂರ್ತಿ ಆಯತುಲ್ ಕುರ್ಸಿ, ಜೇರ್-ಜಬರ್-ಪೇಶ್ ಸಮೇತ, ಇವತ್ತಿನ ಅಚ್ಚಿನ ಮುಸ್ಹಫ್‌ನಲ್ಲಿ ಇರುವ ಹಾಗೆ ತೂಗಿಟ್ಟಂತೆ ಕಂಡು, ಕೆಳಗೆ "ಶ್ವಾಂಡೆ" ಅಂತಿದ್ದರೆ ನನಗೆ ಕೂಡಲೇ ಅನುಮಾನ ಬರುತ್ತದೆ. ಒಂದೇ ಅಕ್ಷರ ಎರಡು ಸಲ ಬಂದ ಕಡೆ ಹೋಲಿಸಿ ನೋಡಿ. ಕೈಯಲ್ಲಿ ಬರೆದ ಎರಡು "ಹೇ" ಎಂದೂ ತದ್ರೂಪು ಇರುವುದಿಲ್ಲ. ತದ್ರೂಪು ಇದ್ದರೆ ಅದು ಕಂಪ್ಯೂಟರಿನ ಅಕ್ಷರ, ಸ್ಟಿಕ್ಕರ್ ಹಾಗೆ ಅಂಟಿಸಿ ಸುಟ್ಟದ್ದು.

ಪಾತ್ರೆಯ ಮೇಲೆ ಆಮೇಲೆ ಕೆತ್ತಿದ ಬರಹವೂ ಇರುತ್ತದೆ. ಅದು ತಯಾರಕನದಲ್ಲ, ಮಾಲೀಕನದು. ಇರಾನಿನ ಶಾ ಅಬ್ಬಾಸ್ 1611ರಲ್ಲಿ ತನ್ನ ಸಾವಿರಕ್ಕೂ ಹೆಚ್ಚು ಚೀನಿ ಪಾತ್ರೆಗಳನ್ನು ಅರ್ದಬೀಲ್‌ನ ದರ್ಗಾಕ್ಕೆ ವಕ್ಫ್ ಮಾಡಿದ. ಅವುಗಳ ಮೇಲೆ ಚಿಕ್ಕ ಆಯತಾಕಾರದ ಮೊಹರಿನಂತೆ ವಕ್ಫಿನ ಮಾತು ಕೊರೆಸಿದ್ದಾನೆ. ಷಹಜಹಾನನ ಹೆಸರು ಕೆತ್ತಿದ ಚೀನಿ ತಟ್ಟೆಗಳೂ ಇಂದು ಮ್ಯೂಸಿಯಮ್ಮುಗಳಲ್ಲಿವೆ. ಮೊಗಲರಿಗೆ ಈ ಪಾತ್ರೆಗಳ ಮೇಲೆ ಎಷ್ಟು ಮೋಹವಿತ್ತೆಂದರೆ, ಜಹಾಂಗೀರನ ದರ್ಬಾರಿನಲ್ಲಿದ್ದ ಇಂಗ್ಲಿಷ್ ವ್ಯಾಪಾರಿ ವಿಲಿಯಂ ಹಾಕಿನ್ಸ್ ಒಂದು ಸಂಗತಿ ಬರೆದಿಟ್ಟಿದ್ದಾನೆ. ಸಾಗಾಟದಲ್ಲಿ ಬಾದಶಹನ ಪ್ರೀತಿಯ ಚೀನಿ ತಟ್ಟೆ ಒಡೆಯಿತು. ಅದರ ಹೊಣೆ ಹೊತ್ತಿದ್ದ ಸರದಾರನಿಗೆ ಛಡಿಯೇಟು ಬಿತ್ತು, ಆಮೇಲೆ ಅಂಥದ್ದೇ ಇನ್ನೊಂದನ್ನು ಹುಡುಕಿ ತರಲು ಚೀನಾದ ದಾರಿ ಹಿಡಿಸಿದರು! ನಮ್ಮ ಆಡುಮಾತಿನಲ್ಲೂ ಆ ವ್ಯಾಪಾರದ ಗುರುತು ಉಳಿದಿದೆ. ಉಪ್ಪಿನಕಾಯಿ ಜಾಡಿಗೆ ಉರ್ದುವಿನಲ್ಲಿ ಮರ್ತಬಾನ್ ಅಂತೀವಲ್ಲ, ಅದು ಬರ್ಮಾದ ಮರ್ತಬಾನ್ ಬಂದರಿನ ಹೆಸರು. ಕನ್ನಡದ ಪಿಂಗಾಣಿಯನ್ನು ಫಾರಸಿಯ ಪಿಂಗಾನ್, ಅರಬ್ಬಿಯ ಫಿಂಜಾನ್ ಪಕ್ಕ ಇಟ್ಟು ಹೇಳಿ ನೋಡಿ, ಒಂದೇ ಮನೆಯವು ಅನ್ನಿಸುತ್ತದೆ.

ಕೆತ್ತಿದ ಹೆಸರನ್ನೂ ನಕಲು ಮಾಡುತ್ತಾರೆ, ಅದರಲ್ಲೂ ಹಳೇ ಆದರೆ ಸಾಧಾರಣ ತಟ್ಟೆಯ ಮೇಲೆ ಹೊಸದಾಗಿ "ಷಹಜಹಾನ್" ಕೊರೆದರೆ ಬೆಲೆ ಎಲ್ಲಿಂದೆಲ್ಲಿಗೋ ಏರುತ್ತದೆ. ಭೂತಗನ್ನಡಿಯಲ್ಲಿ ಗೀರಿನ ಒಳಗೆ ನೋಡಬೇಕು. ಹಳೇ ಗೀರಿನ ಅಂಚು ಸವೆದು, ಒಳಗೆ ಕಾಲದ ಕೊಳೆ ಗಟ್ಟಿಯಾಗಿ ಕೂತಿರುತ್ತದೆ. ಹೊಸ ಗೀರು ಬಿಳಿಯಾಗಿ ಚೂಪಾಗಿರುತ್ತದೆ, ಮೊನೆಯ ಪಕ್ಕ ಚಕ್ಕೆ ಎದ್ದಿರುತ್ತದೆ.

ಸವೆತದ ಲೆಕ್ಕವೂ ಇದೇ ತರಹ. ನೂರಾರು ವರ್ಷ ಬಳಸಿದ ತಟ್ಟೆಯ ನಡುವೆ ಗೀರುಗಳು ಎಲ್ಲ ದಿಕ್ಕಿಗೂ, ಕೆಲವು ಆಳ, ಕೆಲವು ಮಾಸಿದವು ಅಂತ ಬಗೆಬಗೆಯಾಗಿರುತ್ತವೆ. ಉಪ್ಪುಕಾಗದದಿಂದ ತಿಕ್ಕಿದರೆ ಎಲ್ಲವೂ ಒಂದೇ ದಿಕ್ಕು, ಒಂದೇ ಆಳ. ಮೆರುಗಿನ ಹೊಸ ಹೊಳಪು ಕೊಲ್ಲಲು ಆಸಿಡ್ ಬಳಸುತ್ತಾರೆ. ಆಗ ಮೇಲ್ಮೈ ಎಲ್ಲ ಕಡೆ ಮಂಕಾಗುತ್ತದೆ, ಬೆರಳು ತಾಗದ ಸಂದಿಗೊಂದಿಗಳೂ ಮಂಕಾಗಿರುತ್ತವೆ. ಬಳಕೆಯಿಂದ ಮಂಕಾಗುವುದು ಬೆರಳೂ ಬಟ್ಟೆಯೂ ತಾಗುವ ಕಡೆ ಮಾತ್ರ. ಸಮುದ್ರದ ಸರಕಿನ ಕತೆಯೂ ಒಂದುಂಟು. 1752ರಲ್ಲಿ ಮುಳುಗಿದ ಡಚ್ ಹಡಗು ಗೆಲ್ಡರ್‌ಮಾಲ್ಸನ್‌ನಿಂದ ಎತ್ತಿದ ಪಿಂಗಾಣಿ 1986ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಹರಾಜಾದ ಮೇಲೆ, ಹೊಸ ಪಾತ್ರೆಗೆ ಚಿಪ್ಪು, ಹವಳ ಅಂಟಿಸಿ "ಹಡಗಿನದು" ಅಂತ ಮಾರುವವರೂ ಹುಟ್ಟಿಕೊಂಡರು. ಅಂಟು ಬಿಸಿನೀರಿಗೋ ಅಸಿಟೋನ್‌ಗೋ ಬಿಟ್ಟುಕೊಳ್ಳುತ್ತದೆ.

ವಿದ್ಯಾರ್ಥಿಗಳು ಕೇಳುತ್ತಾರೆ, ಇಷ್ಟೆಲ್ಲ ಯಾಕೆ ಮಿಸ್, ಲ್ಯಾಬಿಗೆ ಕೊಟ್ಟರೆ ಮುಗೀತಲ್ಲ? ಲ್ಯಾಬ್ ಪರೀಕ್ಷೆಗಳಿವೆ. ಥರ್ಮೋಲೂಮಿನೆಸೆನ್ಸ್ ಅನ್ನುವ ವಿಧಾನದಲ್ಲಿ ಪಾದದಲ್ಲಿ ಸಣ್ಣ ತೂತು ಕೊರೆದು ಮಾದರಿ ತೆಗೆಯುತ್ತಾರೆ. ಮಣ್ಣಿನ ಹರಳುಗಳು ಸುತ್ತಲಿನ ವಿಕಿರಣವನ್ನು ವರ್ಷಾನುಗಟ್ಟಲೆ ಒಳಗೆ ಕೂಡಿಡುತ್ತವೆ, ಭಟ್ಟಿಯ ಬಿಸಿ ಆ ಖಾತೆಯನ್ನು ಸೊನ್ನೆ ಮಾಡುತ್ತದೆ. ಮತ್ತೆ ಬಿಸಿ ಮಾಡಿದಾಗ ಹೊರಡುವ ಬೆಳಕನ್ನು ಅಳೆದರೆ, ಕೊನೆಯ ಸಲ ಸುಟ್ಟು ಎಷ್ಟು ಕಾಲವಾಯಿತು ಅಂತ ಅಂದಾಜು ಸಿಗುತ್ತದೆ. ವರ್ಷ ಇಂಥದ್ದೇ ಅಂತ ಹೇಳುವುದಿಲ್ಲ, ಹೊಸದೋ ಹಳೆಯದೋ ಅಂತ ಹೇಳುತ್ತದೆ. ಎಕ್ಸ್‌ರೇ ಹಾಯಿಸಿ ಹೊಸ ಪಾತ್ರೆಗೆ ಸುಳ್ಳು ವಯಸ್ಸು ತುಂಬಬಹುದು. ಇನ್ನೂ ಚಾಲಾಕಿ ಉಪಾಯವೆಂದರೆ ಒಡೆದ ಅಸಲಿ ಬಟ್ಟಲಿನ ಪಾದ ತಂದು ಹೊಸ ಹೂದಾನಿಗೆ ಕೂಡಿಸುವುದು. ತೂತು ಕೊರೆದದ್ದು ಪಾದದಲ್ಲಿ, ಪಾದ ಅಸಲಿ, ಸರ್ಟಿಫಿಕೇಟೂ ಅಸಲಿ! ತೂತು ಬೇಡದ ಎಕ್ಸ್‌ರೇ ಫ್ಲೋರೆಸೆನ್ಸ್ ಪರೀಕ್ಷೆ ಬಣ್ಣದಲ್ಲಿರುವ ಧಾತುಗಳನ್ನು ಹೇಳುತ್ತದೆ, ಮೇಲೆ ಹೇಳಿದ ಕಬ್ಬಿಣ-ಮ್ಯಾಂಗನೀಸ್ ಲೆಕ್ಕ ಅಲ್ಲಿ ಸಿಗುತ್ತದೆ. ಯಾವ ಯಂತ್ರವೂ ಒಂಟಿಯಾಗಿ ತೀರ್ಪು ಕೊಡಲಾರದು. ಮಣ್ಣು, ಪಾದ, ಬಣ್ಣ, ಕೈಬರಹ, ಸವೆತ, ಇಷ್ಟೂ ಒಂದೇ ಕಾಲವನ್ನು ಹೇಳಬೇಕು. ಅದರಲ್ಲಿ ಒಂದು ಬೇರೆ ಮಾತಾಡಿದರೂ ನಿಲ್ಲಿ.

ಇವೆಲ್ಲದರ ಜೊತೆಗೆ ಸನದು. ತಟ್ಟೆ ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವ ಸರಪಳಿ. ಚೆಂಗ್‌ಹುವಾ ಕಾಲದ, ಅಂಗೈಯಲ್ಲಿ ಹಿಡಿಸುವ ಒಂದು ಕೋಳಿಚಿತ್ರದ ಬಟ್ಟಲು 2014ರಲ್ಲಿ ಹಾಂಗ್‌ಕಾಂಗ್‌ನಲ್ಲಿ 28 ಕೋಟಿ 12 ಲಕ್ಷ ಹಾಂಗ್‌ಕಾಂಗ್ ಡಾಲರಿಗೆ ಹರಾಜಾಯಿತು. ಅದೇ ಚಿತ್ರದ ನಕಲುಗಳು 17–18ನೇ ಶತಮಾನದಿಂದ ಇಂದಿನವರೆಗೂ ಲೆಕ್ಕವಿಲ್ಲದಷ್ಟಿವೆ. ಆ ಬೆಲೆಯ ಹಿಂದೆ ಬಟ್ಟಲಿನ ಮಣ್ಣೂ ಇತ್ತು, ಹಿಂದಿನ ಮಾಲೀಕರ ದಾಖಲೆಯೂ ಇತ್ತು. "ನವಾಬರ ಮನೆಯಿಂದ ಬಂದದ್ದು" ಅನ್ನುವ ಬಾಯಿಮಾತು ಸನದಲ್ಲ. ಯಾವ ನವಾಬರು, ಯಾವ ಮನೆ, ಯಾವಾಗ, ರಸೀದಿ ಎಲ್ಲಿ, ಹಳೇ ಫೋಟೋದಲ್ಲಿ ದಿವಾನಖಾನೆಯ ಗೋಡೆ ಮೇಲೆ ಕಾಣುತ್ತದೆಯೇ?

ನನ್ನ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ನಾನಿ ತೀರಿದ ಮೇಲೆ ಎರಡು ತಟ್ಟೆ ಉಳಿದವು. ಒಂದು ನೀಲಿ, ಹಿಂದೆ ಗುರುತು ಇದ್ದದ್ದು, ನೋಡಲು ಹೊಸದರಂತೆ. ಇನ್ನೊಂದು ಹಸಿರು ಛಾಯೆಯ ದಪ್ಪ ತಟ್ಟೆ, ಗುರುತಿಲ್ಲ, ನಡುವೆ ಒಡೆದು ಲೋಹದ ಪಿನ್ನು ಹಾಕಿ ಕೂಡಿಸಿದ್ದು. ನೀಲಿಯದನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟರು. ಹಸಿರನ್ನು ಮನೆಗೆ ಬಂದ ಹಳೇ ಸಾಮಾನಿನವ "ಟೂಟಾ ಹುವಾ ಹೈ" ಅಂತ 300 ರೂಪಾಯಿಗೆ ಒಯ್ದ. ನೀಲಿಯದು ಇಂಗ್ಲಿಷ್ ಅಚ್ಚಿನ ತಟ್ಟೆ, ಅಂಚಿನಲ್ಲಿ ಕಾಗದದ ಕೂಡು ಸ್ಪಷ್ಟವಾಗಿ ಕಾಣುತ್ತಿತ್ತು. ಹಸಿರು ತಟ್ಟೆ ಏನಾಗಿತ್ತು ಅಂತ ತಿಳಿಯುವ ದಾರಿಯೇ ಇಲ್ಲ, ಅದರ ಒಂದು ಫೋಟೋ ಕೂಡ ಇಲ್ಲ. ಹಸಿರು ಮೆರುಗಿನ ಸೆಲಡಾನ್ ತಟ್ಟೆಗಳು ಝೆಜಿಯಾಂಗ್ ಪ್ರಾಂತ್ಯದ ಲಾಂಗ್‌ಚ್ವಾನ್‌ನಿಂದ ಶತಮಾನಗಳ ಕಾಲ ನಮ್ಮ ದೇಶಕ್ಕೆ ಬಂದಿವೆ. ಇಲ್ಲಿ ಅವಕ್ಕೆ ಘೋರಿ ಅನ್ನುವ ಹೆಸರಿತ್ತು, ವಿಷದ ಊಟ ಬಡಿಸಿದರೆ ತಟ್ಟೆ ಬಿರುಕು ಬಿಡುತ್ತದೆ ಅನ್ನುವ ನಂಬಿಕೆಯೂ ಇತ್ತು. ನಂಬಿಕೆ ಸುಳ್ಳು, ತಟ್ಟೆಗಳು ನಿಜ. ಅವುಗಳಲ್ಲಿ ಹೆಚ್ಚಿನವಕ್ಕೆ ಅಡಿಯಲ್ಲಿ ಯಾವ ಚಕ್ರವರ್ತಿಯ ಹೆಸರೂ ಇರುವುದಿಲ್ಲ. ಒಡೆದದ್ದನ್ನು ಯಾರೋ ಖರ್ಚು ಮಾಡಿ ಪಿನ್ನು ಹಾಕಿಸಿದ್ದರೆ, ಆ ಕಾಲಕ್ಕೆ ಅದು ಬೆಲೆಯುಳ್ಳದ್ದು ಅನ್ನುವಷ್ಟಾದರೂ ನಮಗೆ ತಿಳಿಯಬೇಕಿತ್ತು.

ಆದ್ದರಿಂದ ಮನೆಯಲ್ಲಿ ಹಳೇ ಪಾತ್ರೆ ಇದ್ದರೆ ಮಾರುವ ಮೊದಲು ಮುಖ, ಬೆನ್ನು, ಪಾದದ ಹತ್ತಿರದ ಚಿತ್ರ, ಒಡಕು, ಎಲ್ಲದರ ಫೋಟೋ ಹಗಲು ಬೆಳಕಿನಲ್ಲಿ ತೆಗೆದಿಡಿ. ಅಳತೆ ಬರೆಯಿರಿ. ಮನೆಯ ಹಿರಿಯರು ಅದರ ಬಗ್ಗೆ ಏನು ಹೇಳುತ್ತಾರೋ ಅವರ ಮಾತಿನಲ್ಲೇ ರೆಕಾರ್ಡ್ ಮಾಡಿ. ವಿಮ್ ಹಾಕಿ ಉಜ್ಜಬೇಡಿ, ಫೆವಿಕ್ವಿಕ್ ಹಚ್ಚಬೇಡಿ. ಕೊಳ್ಳಲು ಬಂದವನೇ ಬೆಲೆ ಕಟ್ಟುವವನೂ ಆಗಿದ್ದರೆ ಆ ಬೆಲೆ ಒಪ್ಪಬೇಡಿ. 1972ರ ಪ್ರಾಚ್ಯವಸ್ತು ಕಾನೂನಿನ ಪ್ರಕಾರ ನೂರು ವರ್ಷ ದಾಟಿದ ಇಂಥ ಕಲಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ, ಅವುಗಳ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. "ದುಬೈಯಲ್ಲಿ ಗಿರಾಕಿ ಇದ್ದಾನೆ" ಅಂತ ಬರುವವನನ್ನು ಮೊದಲು ಲೈಸೆನ್ಸ್ ಕೇಳಿ.

ಕಣ್ಣು ಪಳಗಬೇಕಾದರೆ ಅಸಲಿ ನೋಡಬೇಕು, ಅದಕ್ಕೆ ಟಿಕೆಟಿನ ದುಡ್ಡು ಸಾಕು. ಹೈದರಾಬಾದಿನವರಿಗೆ ಸಾಲಾರ್ ಜಂಗ್ ಮ್ಯೂಸಿಯಂ ಇದೆ. ಮುಂಬೈಯವರಿಗೆ ಛತ್ರಪತಿ ಶಿವಾಜಿ ವಸ್ತುಸಂಗ್ರಹಾಲಯದಲ್ಲಿ ಟಾಟಾ ಮನೆತನದವರು ಕೊಟ್ಟ ಚೀನಿ ವಸ್ತುಗಳಿವೆ. ಊರಿಗೆ ಹೋದಾಗ ಬಿಜಾಪುರದ ಗೋಲ್ ಗುಂಬಜ್ ಮುಂದಿನ ಮ್ಯೂಸಿಯಮ್ಮಿನಲ್ಲೂ ಚೀನಿ ಪಾತ್ರೆಗಳನ್ನು ನೋಡಬಹುದು, ಗುಂಬಜಿನಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಹಾಗೇ ವಾಪಸ್ ಬಂದುಬಿಡುವವರೇ ಹೆಚ್ಚು. ಗಾಜಿನ ಪೆಟ್ಟಿಗೆಯ ಮುಂದೆ ಸ್ವಲ್ಪ ಬಗ್ಗಿ, ತಟ್ಟೆಯ ಚಿತ್ರ ಬಿಟ್ಟು ಅದರ ಕೆಳಗಿನ ಅಂಚು ನೋಡಿ. ಒಂದು ಮಧ್ಯಾಹ್ನದಲ್ಲಿ ಇಪ್ಪತ್ತು ಪಾದ ನೋಡಿ ಬಂದರೆ, ಮುಂದಿನ ಸಲ ಬಜಾರಿನಲ್ಲಿ ತಟ್ಟೆ ಎತ್ತಿಕೊಂಡಾಗ ನಿಮ್ಮ ಹೆಬ್ಬೆರಳು ತಾನಾಗಿಯೇ ಅಲ್ಲಿಗೆ ಹೋಗುತ್ತದೆ.